ಬೆಣ್ಣೆ ಬಿಸ್ಕತ್ತಿನ ಶನಿವಾರಗಳು

"ಥೂ, ಸೀದೇ ಹೋಯ್ತು," ಎಂದು ರಂಜನಿ ಬಾದಾಮಿಯ ಬಾಣಲೆಯನ್ನು ಒಲೆಯಿಂದ ಇಳಿಸಿದಳು.

"ಸೀದಿಲ್ರಿ. ಕೆಂಪಾಗ್ಯಾವ ಅಷ್ಟ," ಎಂದಿತು ಹಿತ್ತಲ ಬಾಗಿಲಿನಿಂದ ಒಂದು ದನಿ.

ಅವಳು ತಿರುಗಿ ನೋಡಿದಳು. ಸನ್ನಿವೇಲಿನ ಈ ಅಡುಗೆಮನೆಯಲ್ಲಿ ಅವಳು ಇಂಗ್ಲಿಷ್ ಕೇಳಿದ್ದಳು, ಗ್ರೀಕ್ ಬೈಗುಳ ಕೇಳಿದ್ದಳು. ಧಾರವಾಡದ ಕನ್ನಡ ಕೇಳಿದ್ದು ಇದೇ ಮೊದಲು. ಬಾಗಿಲಲ್ಲಿ ಉದ್ದನೆಯ ಮನುಷ್ಯನೊಬ್ಬ ನಿಂತಿದ್ದ. ಮಡಿಸಿದ ಅಂಗಿತೋಳು, ಮೊಣಕಾಲಿಗೆ ಮಣ್ಣು, ಕೈಯಲ್ಲೊಂದು ಟಾರ್ಚು, ಕೂದಲಲ್ಲಿ ಜೇಡರಬಲೆ.

"ಒಂದು ತಿಂದು ನೋಡ್ಲೇನ್ರಿ?"

ಅವಳು ಬಾಣಲೆ ಮುಂದೆ ಹಿಡಿದಳು. ಅವನು ಒಂದು ಬಾದಾಮಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದ. "ಛಲೋ ಅದ. ಸುಮ್ನ ಹೆದರಿದ್ರಿ."

ಕುರ್ಚಿಯಲ್ಲಿ ಕೂತಿದ್ದ ದೆಸ್ಪಿನಾ ತಲೆಯೆತ್ತಿದರು. "ಓ, ನೀವಿಬ್ಬರೂ ಒಂದೇ ಭಾಷೆಯವರಾ! ರಂಜನಿ, ಇವನು ಸುಧನ್ವ. ಹಿತ್ತಲ ಮನೆಗೆ ಬಾಡಿಗೆಗೆ ಬಂದಿದ್ದಾನೆ. ಬೆಳಗ್ಗೆಯಿಂದ ನನ್ನ ಮನೆಯ ನೆಲದ ಕೆಳಗಿನ ಸಂದಿಯಲ್ಲಿ ತೆವಳ್ತಿದ್ದಾನೆ, ಭೂಕಂಪಕ್ಕೆ ಗಟ್ಟಿ ಇದೆಯಾ ಅಂತ ನೋಡೋಕೆ. ಸುಧನ್ವ, ಇವಳು ನನ್ನ ಸೊಸೆ. ನನ್ನ ಆ್ಯಂಡ್ರಿಯಾಸನ ಹೆಂಡತಿ."

ಸುಧನ್ವನ ನಗು ಹಾಗೇ ಇತ್ತು. ಕಣ್ಣು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು ಮರ್ಯಾದೆಯಿಂದ ನಿಂತಿತು.

ರಂಜನಿ ಆಗ ಹೇಳಬಹುದಿತ್ತು. ಆ್ಯಂಡ್ರಿಯಾಸ್ ಪೋರ್ಟ್‌ಲ್ಯಾಂಡಿಗೆ ಹೊರಟುಹೋಗಿ ವರ್ಷದ ಮೇಲಾಗಿತ್ತು, ವಿಚ್ಛೇದನವೂ ಮುಗಿದಿತ್ತು. ಆದರೆ ಹೇಳಬೇಕೆಂದರೆ ಬಾಯಿ ತೆರೆಯಬೇಕು, ಎದುರಿನವರ ಮುಖ ಬದಲಾಗುವುದನ್ನು ನೋಡಬೇಕು, ಅವರ "ಅಯ್ಯೋ"ಗೆ ಏನಾದರೂ ಉತ್ತರ ಕೊಡಬೇಕು. ಅಷ್ಟೆಲ್ಲ ಯಾರಿಗೆ ಬೇಕು? ಅವಳು ಬಾದಾಮಿಯನ್ನು ಹಲಗೆಗೆ ಸುರುವಿಕೊಂಡು ಹೆಚ್ಚತೊಡಗಿದಳು.

ಹಾಗೆ ನೋಡಿದರೆ ಈಚೆಗೆ ಅವಳಿಗೆ ಏನೂ ಬೇಕೆನಿಸುತ್ತಿರಲಿಲ್ಲ, ಬೇಡವೆಂದೂ ಅನಿಸುತ್ತಿರಲಿಲ್ಲ. ಅವಳು ಕಣ್ಣು ಪರೀಕ್ಷಿಸುವ ಡಾಕ್ಟರು. ಸಾಂಟಾ ಕ್ಲಾರಾದ ಕ್ಲಿನಿಕ್ಕಿನಲ್ಲಿ ದಿನವಿಡೀ ಜನರ ಕಣ್ಣ ಮುಂದೆ ಲೆನ್ಸು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಿದ್ದಳು. ಎಂಥವರೂ ಒಂದನ್ನು ಆರಿಸುತ್ತಿದ್ದರು. ಸಂಜೆ ಗ್ರೋಸರಿಯಲ್ಲಿ ಎರಡು ಬಗೆಯ ಮೊಸರಿನ ಮುಂದೆ ನಿಂತರೆ ಅವಳಿಗೆ ಮಾತ್ರ ಎರಡೂ ಒಂದೇ. ದುಃಖವೇ ಎಂದರೆ ಅದೂ ಅಲ್ಲ. ಅತ್ತಿದ್ದರೆ ದುಃಖ ಎನ್ನಬಹುದಿತ್ತು. ಅವಳು ಅತ್ತಿರಲೇ ಇಲ್ಲ.

ಶನಿವಾರ ಮಾತ್ರ ಕಾರು ತಾನಾಗಿ ದೆಸ್ಪಿನಾರ ಮನೆಯ ಕಡೆ ತಿರುಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರನ್ನು "ಮಾಮಾ" ಎಂದು ಕರೆಯಲು ಕಲಿತಾಗ, ಮೈಸೂರಿನಿಂದ ಅಮ್ಮ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು: "ಅತ್ತೇನ ಮಾಮ ಅಂತೀಯಲ್ಲೇ!" ಗ್ರೀಕಿನಲ್ಲಿ ಅದು ಅಮ್ಮ. ಮಗ ಬಿಟ್ಟುಹೋದ ಮೇಲೂ ಆ ಅಮ್ಮ ಫೋನು ಮಾಡುವುದನ್ನು ಬಿಡಲಿಲ್ಲ. "ಶನಿವಾರ ಬರ್ತೀಯಲ್ಲ?" ಅಷ್ಟೇ ಮಾತು. ರಂಜನಿ ಹೋಗುತ್ತಿದ್ದಳು. ಆ್ಯಂಡ್ರಿಯಾಸನ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹೊರಗಿನವರ ಮುಂದೆ ದೆಸ್ಪಿನಾ ಅವಳನ್ನು ಸೊಸೆ ಎನ್ನುತ್ತಿದ್ದರು; ಅವಳು ಅಲ್ಲ ಎನ್ನುತ್ತಿರಲಿಲ್ಲ.

ಡಿಸೆಂಬರ್ ಬಂತೆಂದರೆ ಆ ಮನೆಯಲ್ಲಿ ಕುರಾಬಿಯೆದೆಸ್. ಬೆಣ್ಣೆ, ಬಾದಾಮಿ ಹಾಕಿ ಬೇಯಿಸಿ, ಮೇಲೆ ಪುಡಿಸಕ್ಕರೆಯಲ್ಲಿ ಹೂತಿಟ್ಟ ಬಿಸ್ಕತ್ತು. ಅದಿಲ್ಲದ ಕ್ರಿಸ್‌ಮಸ್ ದೆಸ್ಪಿನಾರ ಲೆಕ್ಕದಲ್ಲಿ ಕ್ರಿಸ್‌ಮಸ್ಸೇ ಅಲ್ಲ. ತಮ್ಮ ಚರ್ಚಿನವರಿಗೆಲ್ಲ ಮಾಡಿ ಹಂಚುವುದು ಅವರ ರೂಢಿ. ಈಗ ಸಂಧಿವಾತದಿಂದ ಬೆರಳು ಸೊಟ್ಟಗಾಗಿ, ಕೂತಲ್ಲಿಂದ ಹೇಳಿಕೊಡುವುದಷ್ಟೇ ಅವರ ಪಾಲಿಗೆ ಉಳಿದಿತ್ತು.

"ಈ ವರ್ಷ ಒಂದು ಜೊತೆ ಕೈ ಸಾಲದು," ಎನ್ನುತ್ತ ಅವರು ಸುಧನ್ವನ ತೋಳುಗಳನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವವರ ಹಾಗೆ ನೋಡಿದರು. "ಮುಂದಿನ ಶನಿವಾರ ನೀನೂ ಬಾ. ಕೈ ತೊಳ್ಕೊಂಡು ಬಾ."

ಅವನು ಬಂದ. ಕೈಯನ್ನು ಮೊಣಕೈವರೆಗೂ ತೊಳೆದು, ಆಪರೇಷನ್ನಿಗೆ ಹೊರಟ ಡಾಕ್ಟರಂತೆ ಎತ್ತಿ ಹಿಡಿದುಕೊಂಡೇ ಬಂದ.

"ಎಷ್ಟೊತ್ತು ತಿಕ್ಕಬೇಕ್ರಿ ಈ ಬೆಣ್ಣಿ?"

"ಬೆಳ್ಳಗಾಗೋವರೆಗೂ."

"ಈಗ ಬೆಳ್ಳಗ ಅದಲ್ರಿ."

"ಇದು ಹಳದಿ."

ಅವನು ಪಾತ್ರೆಯೊಳಕ್ಕೆ ಬಗ್ಗಿ ನೋಡಿದ. "ಕಣ್ಣಿನ ಡಾಕ್ಟರು ಹೇಳಿದ ಮ್ಯಾಲೆ ಮುಗೀತು ಬಿಡ್ರಿ. ಹಳದಿನ. ಮಷೀನ್ ಇಲ್ಲೇನು ಇವರ ಮನ್ಯಾಗ?"

"ಏನಂತೆ?" ಎಂದರು ದೆಸ್ಪಿನಾ.

"ಮಿಕ್ಸರ್ ಇಲ್ವಾ ಅಂತಿದ್ದಾರೆ, ಮಾಮಾ."

"ಮಿಕ್ಸರ್ ಇದೆ. ಅದರ ಮೇಲೆ ನಂಬಿಕೆ ಇಲ್ಲ. ತಿಕ್ಕು."

ಅವನು ತಿಕ್ಕಿದ. ತಿಕ್ಕುತ್ತ, ಮನೆಗಳು ಭೂಕಂಪವನ್ನು ತಡೆಯುತ್ತವೆಯೇ ಎಂದು ಪರೀಕ್ಷಿಸುವ ತನ್ನ ಕೆಲಸದ ಬಗ್ಗೆ ಹೇಳಿದ. ಈ ಕಡೆಯ ಹಳೇ ಮನೆಗಳು ಮೇಲಿನಿಂದ ಚೆಂದ; ಕೆಳಗೆ ಹೋಗಿ ನೋಡಿದರೆ ಎಷ್ಟೋ ಮರದ ಮನೆಗಳನ್ನು ಬುನಾದಿಗೆ ಬಿಗಿಯುವ ಬೋಲ್ಟೇ ಇರುವುದಿಲ್ಲ. "ಸುಮ್ನ ಮ್ಯಾಲೆ ಕೂತಿರ್ತಾವ್ರಿ. ಒಳಗಿದ್ದವರಿಗೆ ಗೊತ್ತ ಇರೂದಿಲ್ಲ."

ರಂಜನಿ ಹಿಟ್ಟು ಕಲಸಿದಳು, ಉಂಡೆ ಕಟ್ಟಿದಳು, ಒಂದೊಂದರ ನೆತ್ತಿಗೂ ಒಂದೊಂದು ಲವಂಗ ಚುಚ್ಚಿದಳು. ಅವಳ ಬೆರಳು ಲವಂಗವನ್ನು ಒತ್ತುವುದನ್ನು ಸುಧನ್ವ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಅವನ ದೃಷ್ಟಿ ಓವನ್ನಿನ ಗಾಜಿಗೆ ಹೋಗುತ್ತಿತ್ತು. ಅದರೊಳಗೆ ನೋಡುವಂಥದ್ದೇನೂ ಇರಲಿಲ್ಲ; ಓವನ್ ಇನ್ನೂ ಹಚ್ಚಿರಲೇ ಇಲ್ಲ.

ಮೊದಲ ಟ್ರೇ ಹೊರಬಂತು. ಬಿಸಿಯಿರುವಾಗಲೇ ಮೇಲೆ ಪನ್ನೀರು ಚಿಮುಕಿಸಿ, ಪುಡಿಸಕ್ಕರೆ ಜರಡಿ ಹಿಡಿದರು. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಾಸನೆಗೆ ಮದುವೆಮನೆಯ ಪನ್ನೀರು ಸೇರಿದಂತಿತ್ತು. ದೆಸ್ಪಿನಾ ಒಂದನ್ನು ಸುಧನ್ವನ ಅಂಗೈಗೆ ಇಟ್ಟು ಎಚ್ಚರಿಸಿದರು. "ಬಾಯಲ್ಲಿ ಇಟ್ಕೊಂಡು ಉಸಿರು ಎಳೀಬೇಡ. ಮಾತಾಡಬೇಡ. ನಗಲೇಬೇಡ."

ಅವನು ಕಚ್ಚಿದ. "ಆಹಾ—" ಎಂದುಬಿಟ್ಟ.

ಸಕ್ಕರೆ ಮೋಡವೊಂದು ಎದ್ದಿತು. ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಮೀಸೆ ಹುಬ್ಬು ಎಲ್ಲ ಬೆಳ್ಳಗಾಗಿ ಅವನು ಸಿಂಕು ಹಿಡಿದುಕೊಂಡ. ರಂಜನಿ ನಕ್ಕಳು. ನಕ್ಕ ಮೇಲೆ ಆ ದನಿ ಪಕ್ಕದ ಮನೆಯಲ್ಲಿ ಯಾರೋ ನಕ್ಕಂತೆ ಕೇಳಿಸಿತು.

"ನಿಮಗ ನಗೂದು ಬರ್ತದ ಅಂತ ಗೊತ್ತಿರ್ಲಿಲ್ರಿ," ಎಂದ ಅವನು ಮುಖ ಒರೆಸಿಕೊಳ್ಳುತ್ತ. ಮರುಕ್ಷಣವೇ ಹದ್ದು ಮೀರಿದವನಂತೆ ಗಂಭೀರನಾದ. "ನಿಮ್ಮ ಯಜಮಾನ್ರು ಶನಿವಾರನೂ ಕೆಲಸಕ್ಕ ಹೋಗ್ತಾರೇನ್ರಿ?"

"ಅವರು ದೂರ ಇದ್ದಾರೆ," ಎಂದಳು ರಂಜನಿ. ಅದು ಸುಳ್ಳಾಗಿರಲಿಲ್ಲ.

ಮೂರನೆಯ ಶನಿವಾರ ಅವನು ಬೆಣ್ಣೆಗೆ ಕೈ ಹಾಕುವ ಮುಂಚೆಯೇ ದೆಸ್ಪಿನಾರಿಗೆ ಇಂಗ್ಲಿಷಿನಲ್ಲಿ ಹೇಳಿದ. "ಆಂಟಿ, ಜನವರಿಗೆ ನಾನು ಮನೆ ಖಾಲಿ ಮಾಡ್ತೀನಿ. ಮಾರ್ಗನ್ ಹಿಲ್‌ನಲ್ಲಿ ಒಂದು ಮನೆ ನೋಡಿದ್ದೀನಿ. ಆಫೀಸಿಗೆ ಕಮ್ಯೂಟ್ ಮಾಡೋಕೆ ಅನುಕೂಲ."

ರಂಜನಿಗೆ ಎಲ್ಲೋ ಚುರ್ ಎಂದಿತು. ಟ್ರೇಗೆ ಕೈ ತಗಲಿತೇನೋ ಎಂದು ಬೆರಳು ನೋಡಿಕೊಂಡಳು. ಟ್ರೇ ಅವಳಿಂದ ದೂರದಲ್ಲಿ, ತಣ್ಣಗೆ, ಮೇಜಿನ ಆಚೆ ತುದಿಯಲ್ಲಿತ್ತು.

ಮಧ್ಯಾಹ್ನ ಚರ್ಚಿನಿಂದ ಸೋಫಿಯಾ ಎಂಬಾಕೆ ಬಿಸ್ಕತ್ತಿನ ಡಬ್ಬಗಳನ್ನು ಒಯ್ಯಲು ಬಂದರು. ಬಾಯಿ ತುಂಬ ಮಾತಿನ, ಒಳ್ಳೆಯ ಹೆಂಗಸು.

"ದೆಸ್ಪಿನಾ, ನಿನ್ನ ಅದೃಷ್ಟ! ನನ್ನ ಸೊಸೆಗೆ ಇದರ ಹೆಸರು ಹೇಳೋಕೂ ಬರಲ್ಲ. ಎಲ್ಲಿ ನಿನ್ನ ಮಗ? ಇಂಥ ಹೆಂಡತೀನ ಬೆಣ್ಣೇಲಿ ಮುಳುಗಿಸಿ ಎಲ್ಲಿ ಹೋಗಿದ್ದಾನೆ?"

"ಕೆಲಸ, ಕೆಲಸ," ಎಂದರು ದೆಸ್ಪಿನಾ. "ಈಗಿನ ಹುಡುಗರಿಗೆ ಪುರುಸೊತ್ತೆಲ್ಲಿ."

ಸುಧನ್ವ ಡಬ್ಬಗಳಿಗೆ ರಿಬ್ಬನ್ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. ಅವನ ಕಿವಿಯ ಹಿಂದೆ ಒಂದಿಷ್ಟು ಸಕ್ಕರೆ ಅಂಟಿತ್ತು. ಅದನ್ನೇ ನೋಡುತ್ತಿದ್ದ ರಂಜನಿಯ ಬಾಯಿಂದ ಮಾತು ಬಂದೇಬಿಟ್ಟಿತು.

"ನಾನು ಅವರ ಹೆಂಡತಿ ಅಲ್ಲ. ನಾವು ಬೇರೆಯಾಗಿ ಒಂದು ವರ್ಷದ ಮೇಲಾಯ್ತು."

ರಿಬ್ಬನ್ ಕಟ್ಟುತ್ತಿದ್ದ ಕೈ ನಿಂತಿತು. ಸೋಫಿಯಾ ಒಮ್ಮೆ ರಂಜನಿಯನ್ನು, ಒಮ್ಮೆ ದೆಸ್ಪಿನಾರನ್ನು ನೋಡಿ, ಏನೋ ಗೊಣಗಿ, ಡಬ್ಬಗಳನ್ನು ಎತ್ತಿಕೊಂಡು ಹೊರಟರು. ದೆಸ್ಪಿನಾ ಕುರ್ಚಿಯಿಂದ ನಿಧಾನವಾಗಿ ಎದ್ದರು. ಯಾರ ಮುಖವನ್ನೂ ನೋಡದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸುಧನ್ವ ಕೈಯಲ್ಲಿದ್ದ ರಿಬ್ಬನ್ ಮೇಜಿನ ಮೇಲಿಟ್ಟು ಹಿತ್ತಲಿಗೆ ನಡೆದ.

ರಂಜನಿ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದಳು. ಮುದುಕಿ ಮಂಚದ ಅಂಚಿನಲ್ಲಿ ಕೂತಿದ್ದರು; ಸೊಟ್ಟ ಬೆರಳುಗಳು ತೊಡೆಯ ಮೇಲಿದ್ದವು.

"ಸಾರಿ, ಮಾಮಾ."

"ನೀನು ಯಾಕೆ ಸಾರಿ? ಸುಳ್ಳು ಹೇಳಿದ್ದು ನಾನು." ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ನೀನು ನನ್ನ ಸೊಸೆ ಅಲ್ಲ ಅಂತ ಒಂದು ಸಲ ಹೇಳಿಬಿಟ್ಟರೆ, ನೀನು ನನಗೆ ಏನೂ ಅಲ್ಲ. ಏನೂ ಅಲ್ಲದವಳು ಶನಿವಾರ ಯಾಕೆ ಬರ್ತಾಳೆ?"

"ಬೆಣ್ಣೆ ತಿಕ್ಕೋಕೆ," ಎಂದಳು ರಂಜನಿ.

ದೆಸ್ಪಿನಾ ನಕ್ಕರೋ ಅತ್ತರೋ, ಭುಜ ಕುಲುಕಿತು. ರಂಜನಿ ಪಕ್ಕದಲ್ಲಿ ಕೂತು ಆ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹಬ್ಬಕ್ಕೆ ಆ್ಯಂಡ್ರಿಯಾಸ್ ಬರ್ತಿದ್ದಾನೆ. ಜೊತೆಗೆ ಒಬ್ಬಳು ಬರ್ತಾಳೆ. ನಿನಗೆ ಹೇಳೋಕೆ ಧೈರ್ಯ ಆಗಲಿಲ್ಲ."

"ಬರಲಿ ಬಿಡಿ. ಅವರಿಗೂ ಒಂದು ಡಬ್ಬ ತೆಗೆದಿಟ್ಟಿರೋಣ." ಹೇಳಿದ ಮೇಲೆ, ಆ ಮಾತಿನಲ್ಲಿ ಕಹಿಯಿದೆಯೇ ಎಂದು ಒಳಗೇ ತಡಕಿ ನೋಡಿದಳು. ಇರಲಿಲ್ಲ.

"ಇನ್ನೊಂದು ಹೇಳ್ತೀನಿ," ಎಂದರು ದೆಸ್ಪಿನಾ, ಮೂಗು ಒರೆಸಿಕೊಂಡು. "ಆ ಹುಡುಗ ಯಾಕೆ ಮನೆ ಬಿಡ್ತಿದ್ದಾನೆ ಅಂತ ನನಗೆ ಗೊತ್ತು. ನಾನು ಮುದುಕಿ ಅಷ್ಟೇ, ಕುರುಡಿ ಅಲ್ಲ. ಅವನು ನಿನ್ನ ನೋಡಿದಾಗೆಲ್ಲ ನಾನೇ ಬೇಕಂತ ಸೊಸೆ, ಸೊಸೆ ಅಂತ ಜೋರಾಗಿ ಅಂದೆ. ನಿನ್ನನ್ನೂ ಯಾರೋ ಕರ್ಕೊಂಡು ಹೋಗಿಬಿಟ್ಟರೆ ಅಂತ ಹೆದರಿದೆ." ಅವರು ಕೈ ಬಿಡಿಸಿಕೊಂಡರು. "ಹೋಗು. ಕೊನೇ ಟ್ರೇ ನಾನು ನೋಡ್ಕೋತೀನಿ."

ಹಿತ್ತಲಲ್ಲಿ ನಿಂಬೆಗಿಡದ ಪಕ್ಕ, ತನ್ನ ಬಾಗಿಲ ಮೆಟ್ಟಿಲ ಮೇಲೆ ಸುಧನ್ವ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮ್ಮ ಆಫೀಸು ಎಲ್ಲಿರೋದು?" ಎಂದಳು ರಂಜನಿ.

"ಇಲ್ಲೇ ಸನ್ನಿವೇಲ್‌ನ್ಯಾಗ."

"ಮಾರ್ಗನ್ ಹಿಲ್ಲಿಂದ ಕಮ್ಯೂಟ್ ಜಾಸ್ತಿ ಆಗುತ್ತೆ. ಕಮ್ಮಿ ಆಗಲ್ಲ."

ಅವನು ಕಿವಿ ತುರಿಸಿಕೊಂಡ. "ನನಗ ಸುಳ್ಳು ಹೇಳ್ಲಿಕ್ಕೆ ಬರೂದಿಲ್ರಿ." ಆಮೇಲೆ ನೆಲ ನೋಡುತ್ತ, "ಇನ್ನೊಬ್ಬರ ಹೆಂಡತಿ ಬರೂ ದಾರಿ ಕಾಯ್ಕೋತ ವಾರ ಪೂರ್ತಿ ಕೂಡೂದು ಸರಿ ಅಲ್ಲಂತ ಅನಿಸ್ತು. ಅದಕ್ಕ ದೂರ ಹೋಗೂಣಂತ," ಎಂದ.

ಸುಳ್ಳು ಹೇಳಲು ಬಾರದವನಿಗೆ ಸುಳ್ಳು ಹೇಳಬಾರದು ಎಂದು ರಂಜನಿಗೆ ಅನಿಸಿತು.

"ನೋಡಿ, ನನಗೆ ಈಗ ಏನೂ ಅನ್ಸಲ್ಲ. ಹಲ್ಲು ಕೀಳೋಕೆ ಇಂಜೆಕ್ಷನ್ ಕೊಡ್ತಾರಲ್ಲ, ಮೈಯೆಲ್ಲ ಹಾಗಾಗಿದೆ. ಅವರು ಸೂಟ್‌ಕೇಸು ತಗೊಂಡು ಹೊರಟಾಗ ನಾನು 'ಸರಿ' ಅಂದೆ ಅಷ್ಟೇ. ಹೋಗ್ಬೇಡ ಅನ್ನೋಕೂ ಆಗ್ಲಿಲ್ಲ. ನಿಮಗೆ ಚಂದದ ಮಾತು ಹೇಳೋಕೆ ನನ್ನ ಹತ್ರ ಏನೂ ಇಲ್ಲ." ಒಂದು ಉಸಿರು ತೆಗೆದುಕೊಂಡಳು. "ಆದರೆ ಬೆಳಗ್ಗೆ ನೀವು ಮನೆ ಬಿಡ್ತೀನಿ ಅಂದಾಗ ನೋವಾಯ್ತು. ಇಷ್ಟು ದಿನದಲ್ಲಿ ಮೊದಲನೇ ಸಲ."

ಸುಧನ್ವ ತುಂಬ ಹೊತ್ತು ಅವಳನ್ನು ನೋಡಿದ. ಈ ಸಲ ಕಣ್ಣು ಎಲ್ಲಿಗೂ ತಪ್ಪಿಸಿಕೊಂಡು ಹೋಗಲಿಲ್ಲ.

"ಇದಕ್ಕ ನಾನು ಸಾರಿ ಅನ್ಲ್ಯೋ, ಖುಷಿ ಪಡ್ಲ್ಯೋ?"

"ಎರಡೂ ಮಾಡಿ."

"ಸಾರಿ ರೀ," ಎಂದ ಅವನು. ಮುಖದ ತುಂಬ ನಗುವಿತ್ತು.

ಅವಳಿಗೂ ನಗು ಬಂತು. ಅದು ಅರ್ಧ ದಾರಿಯಲ್ಲೇ ಮುರಿದು, ಕಣ್ಣೀರು ಧಾರೆಯಾಗಿ ಇಳಿಯತೊಡಗಿತು. ಹಿಟ್ಟು ಮೆತ್ತಿದ ಕೈಯಿಂದ ಒರೆಸಿಕೊಳ್ಳಲೂ ಆಗದೆ ನಿಂತಳು. ಅವನು ಹತ್ತಿರ ಬಂದ. ಏನೂ ಕೇಳಲಿಲ್ಲ, ಮುಟ್ಟಲೂ ಇಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಹಿಡಿದುಕೊಂಡು, ಅವಳು ಕೈ ಚಾಚುವವರೆಗೂ ಕಾದ.

"ಹೋಗ್ಬೇಡಿ," ಎಂದಳು ರಂಜನಿ ಕರವಸ್ತ್ರದೊಳಗಿಂದ.

"ಇಲ್ರಿ."

"ನನಗೆ ಟೈಮ್ ಬೇಕಾಗುತ್ತೆ. ತುಂಬಾ."

"ತಗೋರಿ. ಬೆಣ್ಣಿ ಬೆಳ್ಳಗ ಮಾಡಿದಾಂವ ನಾನು. ತಡಕೊಳ್ಳಿಕ್ಕೆ ಬರ್ತದ."

ಅವನು ಅಲ್ಲೇ ನಿಂತು ಮಾರ್ಗನ್ ಹಿಲ್ಲಿನ ಮನೆಯವರಿಗೆ ಫೋನು ಮಾಡಿ, ಬರುವುದಿಲ್ಲವೆಂದು ತಿಳಿಸಿದ. ಯಾಕೆಂದು ಆ ಕಡೆಯಿಂದ ಕೇಳಿರಬೇಕು. "ಕಮ್ಯೂಟ್ ಜಾಸ್ತಿ ಆಗುತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ಅವಳ ಕಡೆ ನೋಡಿ, ಕೆಂಪಾದ.

ನಿಂಬೆಗಿಡದಾಚೆ ಬಿಸಿಲು ಇಳಿಯುತ್ತಿತ್ತು. ರಂಜನಿ ಎರಡೂ ತೋಳುಗಳನ್ನು ಉಜ್ಜಿಕೊಂಡಳು.

"ಚಳಿ ಆಗ್ತಿದೆ," ಎಂದಳು, ಅದೇನೋ ಹೊಸ ಸಂಗತಿ ಎಂಬಂತೆ.

"ಒಳಗ ಓವನ್ ಹಚ್ಚೇದ್ರಿ," ಎಂದ ಸುಧನ್ವ. "ಬರ್ರಿ."