ಗಿಟಾರಿನೊಳಗಿನ ಚೀಟಿಗಳು

“ನಾಲ್ಕೂ ತಂತಿ ಒಟ್ಟಿಗೇ ಬಿಚ್ಚಿಬಿಟ್ರಾ?”

ಕೇಳಿದ ಧಾಟಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳಿಂದ ನನ್ನೊಡನೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತನಾಡುತ್ತಿದ್ದ ಮನುಷ್ಯ ಇವನು. ಹೋದ ಸಲ ಎರಡೆರಡು ಬಾರಿ ತಿರುಗಿ ನೋಡಿದ್ದ ಅದೇ ಹಸಿರು ಬಟ್ಟೆ ಹಾಕಿಕೊಂಡು ಬಂದರೆ ಹೀಗಾ ಗದರುವುದು?

“ಬಿಚ್ಚಿದೆ, ಏನೀಗ? ತಂತಿ ಬದಲಾಯಿಸ್ಬೇಕು ಅಂದ್ರೆ ಬಿಚ್ಚದೆ ಮುದ್ದು ಮಾಡ್ತಾರಾ?”

“ಒಂದೊಂದಾಗಿ ಬದಲಾಯಿಸ್ತಾರೆ ಮೇಡಂ. ಒಂದು ಬಿಚ್ಚೋದು, ಹೊಸದು ಹಾಕೋದು, ಆಮೇಲೆ ಇನ್ನೊಂದು.”

ಇಷ್ಟು ಹೇಳುವಾಗಲೂ ಅವನು ನನ್ನತ್ತ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಯಾರದೋ ಪಿಟೀಲಿನ ಸೀಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಮೇಜಿನ ಹಿಂದೆ ನಿಂತಿದ್ದ. ವಾದ್ಯ ರಿಪೇರಿ ಮಾಡುವವನು. ಯಾವಾಗ ನೋಡಿದರೂ ಬೆರಳಿಗೆ ಅಂಟು ಮೆತ್ತಿರುತ್ತದೆ. ಹಾಗಾಗಿ ನನ್ನ ಮನಸ್ಸಿನೊಳಗೆ ಅವನ ಹೆಸರು ಗೋಂದು.

ನಾನು ತಂದದ್ದು ಚಿಕ್ಕಪ್ಪನ ನಾಲ್ಕು ತಂತಿಯ ಬೇಸ್ ಗಿಟಾರ್. ಎಲೆಕ್ಟ್ರಿಕ್ ಆದರೂ ಒಳಗೆಲ್ಲ ಟೊಳ್ಳು, ಮೈಮೇಲೆ ಪಿಟೀಲಿಗಿರುವಂಥ ಎರಡು ಬಳುಕಿನ ಕಿಂಡಿ. ಎತ್ತಿದರೆ ಹಗುರ, ನುಡಿಸಿದರೆ ಎದೆಯೊಳಗೇ ಗುಂಯ್ ಎನ್ನುತ್ತದೆ. ಚಿಕ್ಕಪ್ಪನ ಬೆರಳು ಮಡಚದಂತಾದ ಮೇಲೆ ಅದನ್ನು ನನ್ನ ಕೈಗಿಟ್ಟು, “ನೀನೇ ಇಟ್ಕೋ ಮರಿ, ಗೋಡೆಗೆ ಮಾತ್ರ ನೇತುಹಾಕ್ಬೇಡ” ಅಂದಿದ್ದರು. ಇವತ್ತು ನಾಲ್ಕು ಗಂಟೆಗೆ ನಮ್ಮ ಬ್ಯಾಂಡಿನ ಮೊದಲ ದೊಡ್ಡ ಕಾರ್ಯಕ್ರಮ. ಚಿಕ್ಕಪ್ಪ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ, ಎರಡು ವರ್ಷದ ಮೇಲೆ ಮೊದಲ ಸಲ.

ಬೆಳಿಗ್ಗೆ ನೋಡಿದರೆ ಮೂರನೇ ತಂತಿಯ ಸುತ್ತು ಬಿಟ್ಟುಕೊಂಡು ಜೋಲುತ್ತಿತ್ತು. ಒಂದನ್ನೇ ಯಾಕೆ ಬದಲಾಯಿಸಲಿ, ಮದುಮಗಳ ಹಾಗೆ ಸಿಂಗರಿಸೋಣ ಎಂದು ನಾಲ್ಕನ್ನೂ ಕಿತ್ತೆ. ಆಗ ತಂತಿಗಳನ್ನು ಹೊರುವ ಮರದ ಬ್ರಿಡ್ಜ್ ಪಟ್ಟನೆ ನನ್ನ ಮಡಿಲಿಗೆ ಬಿತ್ತು. ಅದಕ್ಕೆ ಸ್ಕ್ರೂ ಇಲ್ಲ, ಅಂಟೂ ಇಲ್ಲ, ತಂತಿಗಳ ಬಿಗಿಯೇ ಅದನ್ನು ಹಿಡಿದಿಡುವುದು ಎಂದು ನನಗೆ ಯಾರು ಹೇಳಿದ್ದರು?

“ಬ್ರಿಡ್ಜ್ ಕೂತಿದ್ದ ಕಡೆ ಧೂಳಿನ ಗುರುತಿರ್ಬೇಕಲ್ಲ?” ಗೋಂದು ಕೇಳಿದ.

“ಒರೆಸಿಬಿಟ್ಟೆ. ಒದ್ದೆ ಬಟ್ಟೇಲಿ. ಫಳಫಳ ಅಂತಿದೆ.”

ಅವನು ಕಣ್ಣು ಮುಚ್ಚಿಕೊಂಡ. ನನ್ನ ಧೈರ್ಯವೆಲ್ಲ ಅಲ್ಲಿಗೇ ಇಳಿದುಹೋಯಿತು.

“ನೋಡಿ, ಬ್ರಿಡ್ಜ್ ಒಂದು ಕೂದಲೆಳೆ ಆಚೀಚೆ ಆದ್ರೂ ಅಪಸ್ವರ ಬರುತ್ತೆ ಅಂತ ನನಗೂ ಗೊತ್ತು. ಚಿಕ್ಕಪ್ಪ ಬೈಯೋರಲ್ಲ. ಸುಮ್ನೆ ತಲೆ ತಗ್ಗಿಸ್ಬಿಡ್ತಾರೆ. ಅದನ್ನ ನಾನು ನೋಡಲಾರೆ. ದಯವಿಟ್ಟು ಏನಾದ್ರೂ ಮಾಡಿ.”

ಅವನ ಮುಖ ಮೆತ್ತಗಾಯಿತು. “ಅಂದಾಜಿಗೆ ಇಟ್ಟು ಸರಿಮಾಡ್ತಾ ಕೂತ್ರೆ ಸಂಜೆ ಆಗುತ್ತೆ. ಈ ಸೀಳಿನ ಅಂಟು ಹಿಡಿಯೋಕೆ ಇನ್ನೂ ಇಪ್ಪತ್ತು ನಿಮಿಷ ಬೇಕು. ಆದ್ರೆ ಕತ್ತಿನ ಮೇಲ್ತುದಿ ಪಟ್ಟಿಯಿಂದ ಬ್ರಿಡ್ಜ್‌ಗೆ ಎಷ್ಟು ಸೆಂಟಿಮೀಟರ್ ಅಂತ ಅಳತೆ ಇದೆ. ನೀವು ಮೊದಲ ಸಲ ತಂದಾಗ್ಲೇ ಬರೆದು ಒಳಗೆ ಅಂಟಿಸಿದ್ದೆ.”

“ಒಳಗೆ ಅಂದ್ರೆ?”

“ಗಿಟಾರೊಳಗೆ. ಏನು ಕೆಲಸ ಮಾಡಿದ್ರೂ ಚೀಟಿ ಬರೆದು ಒಳಗೇ ಅಂಟಿಸೋದು ನಮ್ಮ ತಾತನ ಪದ್ಧತಿ. ಕಿಂಡಿಯಿಂದ ಟಾರ್ಚ್ ಬಿಡಿ, ಕಾಣುತ್ತೆ.” ಇದ್ದಕ್ಕಿದ್ದಂತೆ ಅವನ ಕಿವಿ ಕೆಂಪಾಯಿತು. “ಮೇಲಿನ ಚೀಟಿ ಮಾತ್ರ ಓದಿ. ಉಳಿದದ್ದು ಬೇಡ.”

ಬೇಡ ಅಂದರೆ ಕೇಳುವ ಹೆಣ್ಣೇ ನಾನು? ಫೋನಿನ ಟಾರ್ಚ್ ಹಾಕಿ ಒಂದು ಕಣ್ಣು ಮುಚ್ಚಿ ಬಗ್ಗಿದೆ. ಒಳಗೆ, ಒಂದರ ಕೆಳಗೊಂದು, ಬೆರಳುದ್ದದ ಚೀಟಿಗಳು. ಪೆನ್ಸಿಲಿನ ಮುದ್ದಾದ ಅಕ್ಷರ.

“ದಪ್ಪ ತಂತಿ ಕಡೆ ಎಪ್ಪತ್ತೇಳು ಪಾಯಿಂಟ್ ಎಂಟು. ಸಣ್ಣ ತಂತಿ ಕಡೆ ಎಪ್ಪತ್ತೇಳು ಪಾಯಿಂಟ್ ಮೂರು,” ಎಂದು ಗಟ್ಟಿಯಾಗಿ ಓದಿದೆ.

“ಸಾಕು! ಅಷ್ಟೇ! ಟಾರ್ಚ್ ಆರಿಸಿ!”

“‘ವಾಲ್ಯೂಮ್ ನಾಬ್ ಸಡಿಲ. ಬಿಗಿ ಮಾಡಿದೆ.’”

“ಮೇಡಂ...”

“‘ಮತ್ತೆ ಅದೇ ನಾಬ್. ಸ್ಕ್ರೂ ಮೇಲೆ ಉಗುರುಬಣ್ಣ ಸಿಕ್ಕಿತು.’”

ಅಯ್ಯೋ! ನನಗೆ ಭೂಮಿಯೊಳಗೆ ಇಳಿದುಹೋಗುವ ಹಾಗಾಯಿತು. ಆ ನಾಬನ್ನು ಉಗುರಿನಿಂದ ಸಡಿಲಿಸಿದ್ದು ನಾನೇ, ಈ ಅಂಗಡಿಯ ಮೂಲೆಯಲ್ಲಿ. ಗೊತ್ತಾಗಿತ್ತಾ ಇವನಿಗೆ? ಆದರೂ ಕಣ್ಣು ಕೀಳಲಾಗಲಿಲ್ಲ.

“‘ಗಿಟಾರಿನ ಬೆಲ್ಟ್ ಸಿಕ್ಕಿಸುವ ಗುಂಡಿ ಕಳೆದಿದೆ ಎಂದರು. ಅವರ ಕೈಚೀಲದಲ್ಲೇ ಕಾಣುತ್ತಿತ್ತು.’ ‘ಏನೂ ಕೆಟ್ಟಿಲ್ಲ. ಹಾಗೆಂದರೆ ಹೊರಟುಬಿಡುತ್ತಾರೆ, ನಾಳೆ ಬನ್ನಿ ಎಂದೆ.’ ‘ಏನೂ ಕೆಟ್ಟಿಲ್ಲ. ಹಸಿರು ಇವರಿಗೆ ಬಹಳ ಒಪ್ಪುತ್ತದೆ.’”

ತಲೆಯೆತ್ತಿದೆ. ಗೋಂದು ಪಿಟೀಲನ್ನೇ ನೋಡುತ್ತ ನಿಂತಿದ್ದ. ಓಡಿಹೋಗಲು ಅವನಿಗೆ ಕೈ ಬಿಡುವಿರಲಿಲ್ಲ, ಪಾಪ.

“ಆರು ತಿಂಗಳು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ರಲ್ಲ, ಕಳ್ಳ!”

“ಕೇಳಿದ್ರೆ ನೀವು ಬರೋದು ನಿಲ್ಲಿಸಿಬಿಟ್ರೆ?” ಎಂದ. ಆಮೇಲೆ ಮೆಲ್ಲಗೆ ಕಣ್ಣೆತ್ತಿದ. ಆ ನೋಟಕ್ಕೆ ನನ್ನ ಬಾಯಿಗೆ ಬಂದಿದ್ದ ಬೈಗುಳವೆಲ್ಲ ಮರೆತುಹೋಯಿತು. “ಈಗ ಗಡಿಯಾರ ನೋಡಿ. ಒಂದೂವರೆ. ಚಿಕ್ಕಪ್ಪ ತಲೆ ತಗ್ಗಿಸ್ಬಾರದು ಅಲ್ವಾ? ಟೇಪ್ ತಗೊಳ್ಳಿ.”

ಅವನು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಅಳೆದು ಬ್ರಿಡ್ಜ್ ಇಟ್ಟೆ. ದಪ್ಪ ತಂತಿ ಮೊದಲು, ಸಣ್ಣದು ಆಮೇಲೆ.

“ಕತ್ತರಿಸ್ಬೇಡಿ! ಮೊದಲು ತುದಿ ಬಗ್ಗಿಸಿ, ಆಮೇಲೆ ಕತ್ತರಿ. ಇಲ್ಲಾಂದ್ರೆ ಇದರ ಸುತ್ತೂ ಬಿಟ್ಕೊಳ್ಳುತ್ತೆ.”

“ಕೂಗ್ಬೇಡಿ, ಕೈ ನಡುಗುತ್ತೆ.”

“ನನ್ನಿಂದಾನಾ?”

“ಕತ್ತರಿಯಿಂದ!”

ನಾಲ್ಕನೇ ತಂತಿಗೆ ಬರುವಷ್ಟರಲ್ಲಿ ಸೀಳು ಕೂಡಿತ್ತು, ಅವನು ನನ್ನ ಪಕ್ಕಕ್ಕೆ ಬಂದಿದ್ದ. ನಾನು ತಂತಿ ಬಿಗಿಯುವ ಬಿರಡೆ ತಿರುಗಿಸಿದೆ, ಅವನು ಬ್ರಿಡ್ಜ್ ಹಿಡಿದ. ಅವನ ಅಂಟು ಬೆರಳು ನನ್ನ ಕೈಗೆ ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಗಿಟಾರಿನ ಕತ್ತಿನ ಹನ್ನೆರಡನೇ ಮನೆಯಲ್ಲಿ ಒತ್ತಿ ಮೀಟಿದೆ. ಸ್ವರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಖುಷಿಗೆ ಅಲ್ಲೇ ಎರಡು ಸಲ ಕುಣಿದೆ.

“ಇವತ್ತಿನ ಚೀಟಿ ನಾನು ಬರೀತೀನಿ,” ಎಂದು ಪೆನ್ಸಿಲ್ ಕಿತ್ತುಕೊಂಡೆ. ಅವನಿಗೆ ಕಾಣದಂತೆ ಬರೆದು, ಉದ್ದನೆಯ ಇಕ್ಕಳದಿಂದ ಕಿಂಡಿಯೊಳಗೆ ಅಂಟಿಸಿದೆ. “ಈಗಲ್ಲ. ಕಾರ್ಯಕ್ರಮಕ್ಕೆ ಬಂದ್ರೆ ಓದೋಕೆ ಸಿಗುತ್ತೆ.”

ಬಂದ. ಚಿಕ್ಕಪ್ಪನ ಹಿಂದಿನ ಸಾಲಿನಲ್ಲೇ ಕೂತ. ಮೊದಲ ಸ್ವರಕ್ಕೇ ಚಿಕ್ಕಪ್ಪನ ತಲೆ ಮೇಲೆದ್ದಿತು. ಮಡಚಲಾರದ ಆ ಬೆರಳುಗಳು ತೊಡೆಯ ಮೇಲೆ ನನ್ನ ಜೊತೆಗೇ ತಾಳ ಹಾಕತೊಡಗಿದವು, ಕೊನೆಯವರೆಗೂ ನಿಲ್ಲಲಿಲ್ಲ. ನಾನು ಯಾವತ್ತೂ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

ಮುಗಿದ ಮೇಲೆ ವೇದಿಕೆಯ ಹಿಂದೆ ಚಿಕ್ಕಪ್ಪ ಗಿಟಾರನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. ಕನ್ನಡಕ ಏರಿಸಿ ಕಿಂಡಿಯೊಳಗೆ ಇಣುಕಿದರು.

“ಇದೇನೇ ಮರಿ, ಇದರ ಹೊಟ್ಟೇಲಿ ಇಷ್ಟೊಂದು ಕಾಗದ?”

ನಾನು ಕಿತ್ತುಕೊಳ್ಳುವಷ್ಟರಲ್ಲಿ ಅವರು ಕೊನೆಯ ಚೀಟಿಯನ್ನು, ಗೋಂದು ಎದುರಿಗೇ ನಿಂತಿರುವಾಗ, ನಿಧಾನವಾಗಿ ಓದಿಬಿಟ್ಟರು: “‘ನಾಲ್ಕೂ ತಂತಿ ಬಿಚ್ಚಿದ್ದೊಂದೇ ನಿಜವಾದ ರಿಪೇರಿ. ಉಳಿದದ್ದೆಲ್ಲ ನಿಮ್ಮನ್ನು ನೋಡುವುದಕ್ಕೆ ಬಂದದ್ದು. ನೀವೆಂದರೆ ನನಗೆ ಅಷ್ಟು ಇಷ್ಟ.’”

ಓದಿ, ನನ್ನನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. “ನಾನು ಕಾಫಿ ಕುಡಿದು ಬರ್ತೀನಪ್ಪ,” ಎಂದು ಗಿಟಾರನ್ನು ಅವನ ಕೈಗೆ ಕೊಟ್ಟು ಎದ್ದುಹೋದರು.

ಗೋಂದು ಗಿಟಾರ್ ಅಪ್ಪಿಕೊಂಡು ನಿಂತ. ಕಿವಿ ಮತ್ತೆ ಕೆಂಪು, ಆದರೆ ನೋಟ ಈ ಸಲ ತಪ್ಪಿಸಲಿಲ್ಲ.

“ನಾಳೆ ಅಂಗಡಿ ರಜೆ,” ಎಂದ.

“ಗೊತ್ತು.”

“ಬರ್ತೀರಾ?”

“ಏನು ಕೆಟ್ಟಿದೆ ಅಂತ ಬರ್ಲಿ?”

“ಏನೂ ಕೆಟ್ಟಿಲ್ಲ ಅಂತ್ಲೇ ಬನ್ನಿ.”