ಅರ್ಧ ಸುತ್ತಿನ ಬಿದಿರು

"ಮತ್ತೆ ತಿರುಗಿಸಿದ್ಯಾ? ಆ ಗಿಡಕ್ಕೆ ತಲೆ ಸುತ್ತಿ ವಾಂತಿ ಬರುತ್ತೆ, ನೋಡ್ತಿರು," ಎಂದಳು ಅಜ್ಜಿ.

ಹೈಯಾನ್ ಗಾಜಿನ ಬಾಟಲಿಯಿಂದ ಕೈ ತೆಗೆದಳು. "ಸ್ವಲ್ಪಾನೇ ಅಜ್ಜಿ."

"ಸ್ಕೂಲಿಗೆ ಹೋಗೋವಾಗ ಸ್ವಲ್ಪ, ಬಂದ್ಮೇಲೆ ಸ್ವಲ್ಪ. ಭೂಮಿನೂ ಇಷ್ಟು ಜೋರಾಗಿ ತಿರುಗಲ್ಲ ಕಣೆ."

ಕಿಟಕಿಯ ಪಕ್ಕ ಒಂದು ರಟ್ಟಿನ ಪೆಟ್ಟಿಗೆ. ಬೆಳಕು ಒಂದೇ ಕಡೆಯಿಂದ ಬರಲೆಂದು ಅದರ ಒಂದು ಬದಿ ಮಾತ್ರ ಕತ್ತರಿಸಲಾಗಿತ್ತು. ಒಳಗೆ ಬಾಟಲಿ, ಅದರಲ್ಲಿ ಬೆಣಚುಕಲ್ಲು, ಬಾವಿ ನೀರು, ಅದೃಷ್ಟ ತರುತ್ತದೆನ್ನುವ ಲಕ್ಕಿ ಬಿದಿರಿನ ಒಂದೇ ಒಂದು ಕಡ್ಡಿ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಮ್ಮ ಇಟ್ಟದ್ದು ಅದು. ಊರಿನ ಅರ್ಧ ಜನರಂತೆ ಅಮ್ಮನೂ ಕಪ್ಪು ಬಲೆಯ ಚಪ್ಪರದಡಿ ಲಕ್ಕಿ ಬಿದಿರು ಬೆಳೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಸುರುಳಿ ಸುತ್ತಿಸಿದ ಕಡ್ಡಿಗಳು ಹಡಗು ಹತ್ತಿ ಎಷ್ಟೋ ದೇಶಗಳಿಗೆ ಹೋಗಿವೆ. ಅಜ್ಜಿಯನ್ನು ಕೇಳಿದರೆ ಚಂದ್ರನ ಮೇಲೂ ಎರಡಿವೆ.

"ತುದಿ ಬೆಳಕಿನ ಕಡೆ ಬಾಗುತ್ತೆ," ಎಂದು ಅಮ್ಮ ಹೇಳಿಕೊಟ್ಟಿದ್ದಳು. "ಚೆನ್ನಾಗಿ ಬಾಗಿದ ಮೇಲೆ ಒಂದು ಚೂರು ತಿರುಗಿಸು. ಮತ್ತೆ ಬಾಗೋವರೆಗೂ ಮುಟ್ಟಬೇಡ. ಒಂದು ಸುತ್ತು ಪೂರ್ತಿ ಆಗೋ ಹೊತ್ತಿಗೆ ನಾನು ವಾಸಿಯಾಗಿ ಬಂದುಬಿಡ್ತೀನಿ."

ಅರ್ಧ ಸುತ್ತಿಗೇ ಏಳು ತಿಂಗಳು ಹಿಡಿಯಿತು. ಇನ್ನೂ ಏಳು ತಿಂಗಳೇ? ಹೈಯಾನ್‌ಗೆ ತಡೆಯಲಾಗಲಿಲ್ಲ. ಬೇಗ ತಿರುಗಿಸಿದರೆ ಬೇಗ ಸುತ್ತು ಆಗುತ್ತದೆ ಎಂದುಕೊಂಡಳು. ಎರಡು ತಿಂಗಳಿಂದ ದಿನಕ್ಕೆ ಎರಡು ಸಲ ತಿರುಗಿಸುತ್ತಿದ್ದಳು.

ಈಗ ಅಜ್ಜಿ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿದಳು. "ಅಯ್ಯೋ ನನ್ನ ಸೊಳ್ಳೆಮರಿ. ಕೆಳಗೆ ಹಾವು, ಮೇಲೆ ಪೊರಕೆ ಕಡ್ಡಿ. ಎಲ್ಲಾ ಕಡೆಯಿಂದ್ಲೂ ಬೆಳಕು ಸಿಗ್ತಿದ್ರೆ ಅದ್ಯಾಕೆ ಬಾಗುತ್ತೆ?"

ಹೈಯಾನ್ ನೋಡಿದಳು. ಹೌದು, ಅರ್ಧ ಸುತ್ತಿನ ಮೇಲೆ ಕಡ್ಡಿ ಡ್ರಿಲ್ ಮಾಸ್ತರರ ಹಾಗೆ ನೆಟ್ಟಗೆ ನಿಂತಿತ್ತು. ಅಮ್ಮ ಬರುವ ದಾರಿಯನ್ನು ನಾನೇ ಕೆಡಿಸಿಬಿಟ್ಟೆ ಎಂದುಕೊಂಡಳು.

ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದಾಗ ಕೇಳಿದಳು. "ಅಪ್ಪಾ, ಸುತ್ತು ಪೂರ್ತಿ ಆಗದಿದ್ರೂ ಅಮ್ಮ ಬರಬಹುದಾ?"



"ಬರ್ತಾಳೆ ಮಗಾ. ಗುರುವಾರ ಕರ್ಕೊಂಡು ಬರ್ತೀನಿ."

ಹೈಯಾನ್ ಚಪ್ಪಲಿ ಮರೆತು ಬೀದಿಯ ತುದಿಯವರೆಗೆ ಓಡಿದಳು. ಸಿಕ್ಕವರಿಗೆಲ್ಲ ಹೇಳಿದಳು. ಎಲ್ಲರೂ ಅವಳ ತಲೆ ಸವರಿದರು. ಯಾರೂ ನಗಲಿಲ್ಲ. ಅದನ್ನು ಅವಳು ಗಮನಿಸಲಿಲ್ಲ.

ಗುರುವಾರ ಅವಳು ಸ್ಕೂಲಿಂದ ಬಂದಾಗ ಅಮ್ಮನ ಮಂಚ ನಡುಮನೆಯಲ್ಲಿತ್ತು, ತೀರಿಹೋದ ಹಿರಿಯರ ಪಟಗಳ ಎದುರಿನ ಗೋಡೆಗೆ ಒತ್ತಿಕೊಂಡು.

"ಇಲ್ಯಾಕೆ ಹಾಕಿದ್ದು?"

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದ ಅಪ್ಪ, ಅವಳ ಮುಖ ನೋಡದೆ.

ಹೋದ ವರ್ಷ ತಾತನ ಮಂಚವೂ ಅದೇ ಗೋಡೆಯ ಪಕ್ಕದಲ್ಲಿತ್ತು. ಆಗಲೂ ಅಪ್ಪ ಗಾಳಿಯ ಮಾತೇ ಹೇಳಿದ್ದ. ಆಮೇಲೆ ತಾತ ಇದ್ದದ್ದು ಮೂರು ದಿನವಷ್ಟೇ.

ಮಂಚದ ಮೇಲೆ ಅಮ್ಮ ಹೊದಿಕೆಗಿಂತ ತೆಳ್ಳಗಿದ್ದಳು. ಕಣ್ಣುಗಳು ಮಾತ್ರ ಹಳೆಯವೇ. "ನನ್ನ ಬಿದಿರು ಎಲ್ಲಿ? ತಾ ನೋಡೋಣ."

ಹೈಯಾನ್ ಬಾಟಲಿ ತಂದು ಹಿಡಿದಳು. ನೀರು ತುಳುಕಿತು.

"ಇದೇನೇ, ಮೇಲೆ ನೆಟ್ಟಗೆ ಬಾಲ ಬಂದಿದೆ?"

"ಅವಸರ ಮಾಡ್ದೆ ಅಮ್ಮಾ. ದಿನಾ ತಿರುಗಿಸಿಬಿಟ್ಟೆ."

"ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ನಲವತ್ತು ಕಡ್ಡಿ ಹೀಗೇ ಹಾಳು ಮಾಡಿದ್ದೆ. ಮಾಲೀಕ ಬೈದಿದ್ದಕ್ಕೆ ಲೆಕ್ಕವೇ ಇಲ್ಲ." ಅಮ್ಮ ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದಳು. "ಏನಾಗಲ್ಲ ಬಿಡು. ಸುಮ್ನೆ ಬಿಟ್ರೆ ತುದಿ ಮತ್ತೆ ಬಾಗುತ್ತೆ."

"ಎಷ್ಟು ದಿನ ಬೇಕು?"

ಅಮ್ಮ ಅಜ್ಜಿಯ ಕಡೆ ನೋಡಿದಳು. ಒಂದು ಮೀನು ತಂದರೆ ತಿಮಿಂಗಿಲ ಅನ್ನುವ ಅಜ್ಜಿ, ನಾಲ್ಕು ಹನಿ ಬಿದ್ದರೆ ಊರೇ ಮುಳುಗಿತು ಅನ್ನುವ ಅಜ್ಜಿ, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಗಂಜಿ ತರಲು ಒಳಗೆ ಹೋದಳು.

ಹೈಯಾನ್ ಇನ್ನೊಂದು ಸಲ ಕೇಳಲಿಲ್ಲ.

ಬಾಟಲಿಯನ್ನು ದಿಂಬಿನ ಪಕ್ಕದ ಸ್ಟೂಲಿನ ಮೇಲಿಟ್ಟು ಮಂಚದ ತುದಿಗೆ ಕೂತಳು. ಬಾಗಿಲಿನಿಂದ ಸಂಜೆಯ ಬಿಸಿಲು ಬಂದು ಎಲೆಗಳ ಮೇಲೆ, ಅಮ್ಮನ ಕೆನ್ನೆಯ ಮೇಲೆ ಬಿತ್ತು.

"ಇವತ್ತು ತಿರುಗಿಸಲ್ವಾ?" ಎಂದಳು ಅಮ್ಮ.

"ಬೇಡಮ್ಮ," ಎಂದಳು ಹೈಯಾನ್. "ನಿಧಾನಕ್ಕೇ ಆಗ್ಲಿ."