ಥರ್ಮೋಸ್ಟಾಟ್ ಬಿಚ್ಚಿದವರು ಯಾರು?

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಅಕ್ಕನ ಮನೆಯ ಹಜಾರದ ನೆಲ ಮಂಜುಗಡ್ಡೆಯ ಹಾಗಿತ್ತು. ಮನೆಯ ಬಿಸಿಯನ್ನು ಹತೋಟಿಯಲ್ಲಿಡುವ ಗೋಡೆಯ ಮೇಲಿನ ಹೊಸ ಥರ್ಮೋಸ್ಟಾಟ್ ಹದಿನಾಲ್ಕು ಡಿಗ್ರಿ ತೋರಿಸುತ್ತಿತ್ತು. ಇಪ್ಪತ್ತೆರಡಕ್ಕೆ ಇಟ್ಟಿದ್ದೆ. ಅದನ್ನು ಕೂರಿಸಿದವನೂ ನಾನೇ, ನಿನ್ನೆ ಸಂಜೆ.

ಭಾವ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಕೋಟು ಬಿಚ್ಚಿರಲಿಲ್ಲ. ಅವರ ಕೂಗಿಗೇ ನನಗೆ ಎಚ್ಚರವಾದದ್ದು.

"ಏನಪ್ಪಾ ಎಂಜಿನಿಯರ್ ಸಾಹೇಬ್ರೇ, ಸಂಜೆ ನಾಲ್ಕಕ್ಕೆ ನಿಮ್ಮಕ್ಕನ್ನ ಡಿಸ್ಚಾರ್ಜ್ ಮಾಡ್ತಾರೆ. ಐದು ದಿನದ ಮಗೂನ ಮನೆಗೆ ತರೋದಾ, ಫ್ರಿಜ್ಜಿಗೆ ತರೋದಾ?"

"ರಾತ್ರಿ ಮಲಗೋವಾಗ ಬೆಚ್ಚಗಿತ್ತು ಭಾವ."

"ಈಗ ಇಲ್ವಲ್ಲ! ಹನ್ನೆರಡರವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕಂಪನಿಯವರನ್ನ ಕರೀತೀನಿ. ಅವರು ಬರೋದು ನಾಳೆನೋ ನಾಡಿದ್ದೋ. ಅಲ್ಲೀವರೆಗೆ ತಾಯಿ ಮಗು ಇಬ್ರೂ ನಮ್ಮಣ್ಣನ ಮನೇಲಿರ್ಲಿ."

ಅಮ್ಮನ ಮುಖ ಸಪ್ಪಗಾಯಿತು. ಮೊಮ್ಮಗುವಿನ ಕೋಣೆಯನ್ನು ಅವಳು ಎರಡು ವಾರದಿಂದ ಸಿಂಗರಿಸುತ್ತಿದ್ದಾಳೆ.

ಅಪ್ಪ ಮೂಲೆಯ ಕುರ್ಚಿಯಲ್ಲಿ ಪೇಪರ್ ಅಡ್ಡ ಹಿಡಿದು ಕೂತಿದ್ದರು. ಮೂವತ್ತೈದು ವರ್ಷ ಲೆಕ್ಕ ಕಲಿಸಿದ ಮೇಷ್ಟ್ರು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ನಾನು ಮಿಷನ್ ರಿಪೇರಿ ಕಲಿಯಲು ಹೋದ ದಿನದಿಂದ ನಮ್ಮಿಬ್ಬರ ನಡುವೆ ನೇರ ಮಾತಿಲ್ಲ. ಏನಿದ್ದರೂ ಅಮ್ಮನ ಮೂಲಕ.

"ಅವನಿಗೆ ಹೇಳು," ಅಂದರು ಅಮ್ಮನಿಗೆ, "ನಿಧಾನವಾಗಿ ನೋಡು ಅಂತ."

ಮೈಯೆಲ್ಲ ಉರಿದುಹೋಯಿತು. ನಿಧಾನವಂತೆ!

* * *

ಮೊದಲು ಕಿವಿ ಕೊಟ್ಟೆ. ಒಳಗಿನ ಫ್ಯಾನು ತಿರುಗುತ್ತಿತ್ತು. ಬರುವ ಗಾಳಿ ಮಾತ್ರ ತಣ್ಣಗೆ. ಹಿತ್ತಲಿಗೆ ಓಡಿದೆ. ಮನೆ ಬೆಚ್ಚಗಿಡುವ ಹೀಟ್ ಪಂಪಿನ ಹೊರಗಿನ ಪೆಟ್ಟಿಗೆ ಸದ್ದಿಲ್ಲದೆ ಕೂತಿತ್ತು. ಕಂಪ್ರೆಸರ್ ಅದರಲ್ಲೇ ಇರುವುದು. ಬಿಸಿ ಹುಟ್ಟಬೇಕಾದದ್ದೂ ಅಲ್ಲೇ.

ವಾಪಸ್ ಬಂದು ಥರ್ಮೋಸ್ಟಾಟಿನ ಗಡಿಯಾರ ನೋಡಿದೆ. ಮೂರು ಗಂಟೆ ಇಪ್ಪತ್ತು ನಿಮಿಷ. ನನ್ನ ಕೈಗಡಿಯಾರದಲ್ಲಿ ಒಂಬತ್ತು ಇಪ್ಪತ್ತು. ಈ ಮಾಡೆಲ್‌ಗೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಗಡಿಯಾರ ಹನ್ನೆರಡರಿಂದ ಶುರುವಾಗುತ್ತದೆ. ಅಂದರೆ ಸರಿಯಾಗಿ ಆರು ಗಂಟೆಗೆ ಕರೆಂಟ್ ವಾಪಸ್ ಬಂದಿದೆ. ಅಡುಗೆಮನೆಯ ಗಡಿಯಾರವೂ ಅಂಥದ್ದೇ. ಅದು ಸರಿಯಾಗಿತ್ತು. ಹಾಗಾದರೆ ಮನೆಯ ಕರೆಂಟ್ ಹೋಗಿಲ್ಲ. ಥರ್ಮೋಸ್ಟಾಟಿಗೆ ಕರೆಂಟ್ ಬರುವುದು ಹೀಟ್ ಪಂಪಿನಿಂದ. ಅದರ ಸ್ವಿಚ್ಚನ್ನಷ್ಟೇ ಯಾರೋ ಆರಿಸಿ, ಮತ್ತೆ ಹಾಕಿದ್ದಾರೆ.

ಆ ಸ್ವಿಚ್ ಆರಿಸಿ ಥರ್ಮೋಸ್ಟಾಟಿನ ಮುಚ್ಚಳ ಕಿತ್ತೆ. ಕೆಲಸ ಮುಗಿದ ಮೇಲೆ ಫೋನಿನಲ್ಲಿ ಫೋಟೋ ತೆಗೆಯುವುದು ನನ್ನ ರೂಢಿ. ನಿನ್ನೆಯ ಫೋಟೋ ಪಕ್ಕದಲ್ಲಿ ಹಿಡಿದು ನೋಡಿದೆ.

ಹಳದಿ ತಂತಿ, ಕಿತ್ತಳೆ ತಂತಿ. ಎರಡೂ ಅದಲುಬದಲು. ಸರಿಮಾಡಲು ಐದು ನಿಮಿಷ ಸಾಕು, ಆದರೆ ಮೊದಲು ಕೈಯಿಟ್ಟವರು ಯಾರು ಅಂತ ಗೊತ್ತಾಗಬೇಕು.

* * *

"ಅಮ್ಮಾ, ಬೆಳಿಗ್ಗೆ ಆರಕ್ಕೆ ಎಲ್ಲಿದ್ದೆ?"

"ಸ್ನಾನಕ್ಕೆ ಹೋಗಿದ್ದೆ ಕಣೋ. ಆಮೇಲೆ ಒಲೆ ಮುಂದೆ. ಚಳಿ ಗೊತ್ತಾಗಿದ್ದೇ ಒಂಬತ್ತಕ್ಕೆ."

"ಧೂಳು ಒರೆಸೋಕೆ ಅಂತ ಅದನ್ನ ಮುಟ್ಟಿದ್ಯಾ?"

"ನಿನ್ನ ಡಬ್ಬಿ ಮುಟ್ಟಿದ್ರೆ ನೀನು ಮನೆ ಕಿತ್ತು ಹೋಗೋ ಹಾಗೆ ಕುಣೀತೀಯ. ನಂಗೇನು ಹುಚ್ಚಾ?"

ಅದೂ ನಿಜ.

ಡಬ್ಬದ ಜೊತೆ ಬಂದ ಕೈಪಿಡಿಯನ್ನು ಡ್ರಾಯರಿನಲ್ಲಿ ಇಟ್ಟಿದ್ದೆ. ಅಲ್ಲಿರಲಿಲ್ಲ. ಸಿಕ್ಕಿದ್ದು ಭಾವನ ಮೇಜಿನ ಮೇಲೆ. ರೊಚ್ಚಿಗೆದ್ದು ಅವರ ಮುಂದೆ ಹಿಡಿದೆ.

"ನೀವೇ ಅಲ್ವಾ? ನನ್ನ ಮೇಲೆ ನಂಬಿಕೆ ಇಲ್ದೆ ಬಿಚ್ಚಿ ನೋಡಿದ್ರಿ!"

"ಲೋ, ಆರು ಗಂಟೆಗೆ ನಾನು ಆಸ್ಪತ್ರೆಲಿ ಡಯಾಪರ್ ಹಾಕೋದು ಕಲೀತಿದ್ದೆ. ಮೂರು ಸಲ ಹಿಂದುಮುಂದು ಹಾಕಿದೀನಿ. ನರ್ಸಮ್ಮನ್ನ ಕೇಳು, ಇನ್ನೂ ನಗ್ತಾ ಇರ್ತಾರೆ. ಬಲ್ಬ್ ಬದಲಾಯಿಸೋಕೇ ಹೆದರೋ ನಾನು ತಂತಿ ಮುಟ್ತೀನಾ?"

ಸಿಟ್ಟಿನಲ್ಲೂ ನಗು ಬಂತು. ತಡೆದುಕೊಂಡೆ.

ಕೈಪಿಡಿ ತೆರೆದೆ. ಒಂದೊಂದು ಸೂಚನೆಯ ಪಕ್ಕದಲ್ಲೂ ಕೆಂಪು ಶಾಯಿಯ ಸರಿ ಗುರುತು. ತಂತಿಯ ಬಣ್ಣಗಳ ಚಿತ್ರದ ಕೆಳಗೆ ಎರಡು ಗೆರೆ.

ಈ ಗುರುತುಗಳು ನನಗೆ ಗೊತ್ತು. ನನ್ನ ಲೆಕ್ಕದ ಪುಸ್ತಕಗಳಲ್ಲಿ ಇವು ಅಪರೂಪ, ಅಡ್ಡಗೆರೆಗಳೇ ಜಾಸ್ತಿ. ಆದರೂ ಮರೆಯುವಂಥವಲ್ಲ.

ಅಪ್ಪ.

ಯಾಕೆ? ಓದು ಬಿಟ್ಟವನಿಗೆ ಕೆಲಸವೂ ಬರುವುದಿಲ್ಲ ಅಂತ ಎಲ್ಲರ ಮುಂದೆ ತೋರಿಸೋಕಾ? ಕಣ್ಣು ಮಂಜಾಯಿತು. ಹಜಾರಕ್ಕೆ ಬಂದು ಥರ್ಮೋಸ್ಟಾಟಿನ ಪಕ್ಕದ ಗೋಡೆಗೆ ಅಂಗೈ ಊರಿ ನಿಂತೆ.

ಅಂಗೈ ಅಂಟಿಕೊಂಡಿತು. ತೆಗೆದು ನೋಡಿದರೆ ಬಿಳಿ ಬಣ್ಣ.

* * *

ಹಳೆಯ ಥರ್ಮೋಸ್ಟಾಟ್ ದೊಡ್ಡದಿತ್ತು, ಹೊಸದು ಅದರ ಅರ್ಧ. ನಿನ್ನೆ ಸಂಜೆ ಅದರ ಸುತ್ತ ಹಳದಿಗಟ್ಟಿದ ಚೌಕದ ಕಲೆ ಕಾಣುತ್ತಿತ್ತು. ಈಗ ಕಲೆಯೇ ಇಲ್ಲ. ಚಳಿಗೆ ಬಣ್ಣ ಒಣಗಿರಲಿಲ್ಲ, ಅಷ್ಟೇ.

ಕುರ್ಚಿಯ ಮುಂದೆ ಹೋಗಿ ನಿಂತೆ. ಅಂಗೈ ತೋರಿಸಿದೆ.

"ಪೇಂಟ್ ಎಲ್ಲಿ ಸಿಕ್ತು ಅಪ್ಪ?"

ಪೇಪರ್ ಕೆಳಗಿಳಿಯಿತು. ಕನ್ನಡಕದ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ.

"ಮಗು ಕೋಣೆಗೆ ಬಳಿದು ಉಳಿದಿತ್ತು," ಅಂದರು ಮೆಲ್ಲಗೆ. "ಬಂದವರ ಕಣ್ಣು ಮೊದಲು ಆ ಕಲೆ ಮೇಲೇ ಬೀಳುತ್ತೆ. ಮೇಷ್ಟ್ರ ಮಗ ಅರೆಬರೆ ಕೆಲಸ ಮಾಡಿದಾನೆ ಅಂತ ಯಾರಾದ್ರೂ ಅಂದ್ಬಿಟ್ರೆ? ಪ್ಲೇಟು ಬಿಚ್ಚದೆ ಬಳಿಯೋಕಾಗ್ಲಿಲ್ಲ. ಸ್ವಿಚ್ ಆರಿಸೇ ಬಿಚ್ಚಿದೆ."

"ತಂತಿ?"

"ತಿರುಗಿ ಹಾಕುವಾಗ ಅಳಿಯಂದಿರ ಮೇಜಿನ ಮೇಲಿಟ್ಟು ಪುಸ್ತಕ ನೋಡ್ದೆ. ನೀನು ಎರಡು ಬಣ್ಣ ತಪ್ಪು ಹಾಕಿದೀಯ ಅನ್ನಿಸ್ತು. ತಿದ್ದಿದೆ."

ತಿದ್ದಿದರಂತೆ! ಮೂವತ್ತೈದು ವರ್ಷದ ಚಟ ಎಲ್ಲಿಗೆ ಹೋಗುತ್ತದೆ?

"ಅಪ್ಪ, ಪುಸ್ತಕ ಬರೆದವನು ಈ ಮನೆ ನೋಡಿಲ್ಲ. ಹಿಂದೆ ಮಿಷನ್ ಕೂರಿಸಿದ ಪುಣ್ಯಾತ್ಮ ಹೊರಗಡೆ ಪೆಟ್ಟಿಗೇಲೇ ಬಣ್ಣ ಉಲ್ಟಾ ಹಾಕಿದಾನೆ. ಕಿತ್ತಳೆ ಹೋಗೋದು ಕಂಪ್ರೆಸರ್‌ಗೆ, ಹಳದಿ ವಾಲ್ವಿಗೆ. ಅದನ್ನ ಬಿಚ್ಚಿ ನೋಡಿದ ಮೇಲೇ ನಾನು ಹಾಗೆ ಹಾಕಿದ್ದು. ಈ ಮಿಷನ್ನು ಬೇಸಿಗೇಲಿ ತಂಪು, ಚಳೀಲಿ ಬಿಸಿ, ಎರಡೂ ಕೊಡುತ್ತೆ. ಯಾವುದು ಅಂತ ತಿರುಗಿಸೋದು ಆ ವಾಲ್ವು. ಬಿಸಿಗೆ ಅದಕ್ಕೆ ಕರೆಂಟೇ ಬೇಡ. ನೀವು ಬದಲಾಯಿಸಿದ ಮೇಲೆ ಕಂಪ್ರೆಸರ್‌ಗೆ ಹೋಗಬೇಕಾದ ಕರೆಂಟು ವಾಲ್ವಿಗೆ ಹೋಯ್ತು. ಕಂಪ್ರೆಸರ್ ಮಲಗೇ ಇತ್ತು. ಫ್ಯಾನು ಬರೀ ಗಾಳಿ ಬೀಸ್ತು."

ಅಪ್ಪ ಕೊನೆಯವರೆಗೂ ಕೇಳಿದರು.

"ಅಂದ್ರೆ ನಿನ್ನ ಉತ್ತರ ಸರಿ ಇತ್ತು."

"ಹ್ಞೂಂ."

"ಆಗ್ಲೇ ಹೇಳ್ಬೇಕಿತ್ತು. ಅಳಿಯಂದಿರ ಎದುರಿಗೆ ಬಾಯಿ ಬರ್ಲಿಲ್ಲ ಕಣೋ."

ಅಮ್ಮ ಅಡುಗೆಮನೆಯಲ್ಲಿದ್ದಳು. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ.

"ಟಾರ್ಚ್ ಹಿಡೀರಿ," ಅಂದೆ.

ಹಿಡಿದರು. ಎರಡು ಸ್ಕ್ರೂ ಸಡಿಲಿಸಿದೆ, ತಂತಿ ಬದಲಾಯಿಸಿದೆ, ಬಿಗಿದೆ. ಸ್ವಿಚ್ ಹಾಕಿ ಐದು ನಿಮಿಷ ಕಾದೆವು. ಹಿತ್ತಲಿನಿಂದ ಗುರ್‍ರ್ ಎನ್ನುವ ಸದ್ದು ಬಂತು. ಅಪ್ಪ ಕಿಟಕಿಯಿಂದ ಬಗ್ಗಿ ನೋಡಿ, ತಾವೇ ರಿಪೇರಿ ಮಾಡಿದವರ ಹಾಗೆ ತಲೆದೂಗಿದರು.

* * *

ನಾಲ್ಕೂವರೆಗೆ ಬಾಗಿಲು ತೆರೆಯಿತು. ಕಂಬಳಿಯ ಗಂಟೊಂದನ್ನು ಎದೆಗವಚಿಕೊಂಡು ಅಕ್ಕ ಒಳಗೆ ಬಂದಳು.

"ಅಯ್ಯೋ, ಎಷ್ಟು ಬೆಚ್ಚಗಿದೆ!"

ಭಾವ ಕೋಟು ಬಿಚ್ಚಿದರು. "ಅಂತೂ ಗೆದ್ದೆ ಬಿಡು. ಕಳ್ಳ ಯಾರಂತೆ?"

ನಾನು ಅಪ್ಪನ ಕಡೆ ನೋಡಲಿಲ್ಲ. "ಏನಿಲ್ಲ ಭಾವ. ನಾನೇ ಒಂದು ಸ್ಕ್ರೂ ಸರಿಯಾಗಿ..."

"ನಾನು." ಅಪ್ಪ ಎದ್ದು ನಿಂತಿದ್ದರು. ಕೊನೆಯ ಬೆಂಚಿಗೂ ಕೇಳಿಸುವ ದನಿ. "ಅವನು ಸರಿಯಾಗೇ ಹಾಕಿದ್ದ. ತಪ್ಪು ನಂದು. ಸರಿ ಇದ್ದಿದ್ದನ್ನ ತಿದ್ದಿ ಕೆಡಿಸಿದೆ."

ಭಾವ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು. "ಮಾವ, ನೀವಾ?" ಅಂದವರೇ ನನ್ನ ಕಡೆ ತಿರುಗಿ ಕಿವಿ ಹಿಡಿದುಕೊಂಡರು.

ಅಕ್ಕ ಮಗುವನ್ನು ಅಪ್ಪನ ಕಡೆ ಚಾಚಿದಳು. ಅವರು ಕೈ ಹಿಂದಕ್ಕೆಳೆದುಕೊಂಡರು.

"ಮೊದಲು ಅವನಿಗೆ ಕೊಡಮ್ಮ. ಮನೆ ಬೆಚ್ಚಗೆ ಮಾಡಿದೋನು ಅವನು."

ನನ್ನ ಕೈ ಗಲೀಜಾಗಿದೆ, ಮೈಯೆಲ್ಲ ಗ್ರೀಸು, ಬೀಳಿಸಿಬಿಟ್ಟರೆ ಯಾರು ಹೊಣೆ, ನಿಮಗ್ಯಾರಿಗೂ ಬುದ್ಧಿ ಇಲ್ವಾ ಅಂತ ಕಿರುಚಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.